ಲೈಬ್ರರಿಯ ಡಾಕ್ಯುಮೆಂಟೇಶನ್ ಇನ್ನು ಮುಂದೆ ನಿಮ್ಮ ಕಂಪ್ಯೂಟರಿನಲ್ಲೇ

ಹುಬ್ಬಳ್ಳಿ

ಮಾನ್ಯ ಗ್ರಾಹಕರೇ,

ತೂಕದ ಯಂತ್ರ ಮತ್ತು ಬಿಲ್ ಮುದ್ರಣಕ್ಕಾಗಿ ನಮ್ಮ ಪೈಥಾನ್ ಲೈಬ್ರರಿಯನ್ನು (ಪೈಥಾನ್ ಭಾಷೆಯ ಪ್ರೋಗ್ರಾಂಗಳಲ್ಲಿ ಸೇರಿಸಿಕೊಳ್ಳುವ ಸಿದ್ಧ ಕೋಡನ್ನು) ಬಳಸುತ್ತಿರುವ ಹುಬ್ಬಳ್ಳಿ-ಧಾರವಾಡ, ಗದಗ, ಹಾವೇರಿ ಭಾಗದ ಪ್ರೋಗ್ರಾಮರುಗಳಿಗೆ ಈ ಪತ್ರ. ಬರುವ ತಿಂಗಳ ಒಂದನೆಯ ತಾರೀಖಿನಿಂದ ಲೈಬ್ರರಿಯ ಡಾಕ್ಯುಮೆಂಟೇಶನ್, ಅಂದರೆ ಅದನ್ನು ಬಳಸುವ ವಿವರಣೆ, ನಮ್ಮ ಜಾಲತಾಣದಲ್ಲಿ ಇರುವುದಿಲ್ಲ. ಅದು ಲೈಬ್ರರಿಯ ಜೊತೆಗೇ ನಿಮ್ಮ ಕಂಪ್ಯೂಟರಿಗೆ ಬಂದು ಕೂರುತ್ತದೆ. ಅಲ್ಲಿಯೇ ಒಂದು ಪುಟ್ಟ ವೆಬ್ ಸರ್ವರ್ ಚಾಲೂ ಮಾಡಿ ಬ್ರೌಸರಿನಲ್ಲಿ ಓದಿಕೊಳ್ಳಬೇಕು. ವಾರ್ಷಿಕ ನಿರ್ವಹಣಾ ಶುಲ್ಕ ಮೊದಲಿನಷ್ಟೇ.

ಜಾಲತಾಣದಲ್ಲಿ ಸಿಗುವುದು ಯಾವಾಗಲೂ ಹೊಚ್ಚ ಹೊಸ ಆವೃತ್ತಿಯ ವಿವರಣೆ. ಅಂಗಡಿಯಲ್ಲಿ ಓಡುತ್ತಿರುವುದು ಮಾತ್ರ ಹಳೆಯದು. ಬ್ಯಾಡಗಿಯಲ್ಲಿ ಮೆಣಸಿನಕಾಯಿ ಆವಕ ಶುರುವಾದ ಮೇಲೆ ಯಾವ ದಲಾಲಿ ಅಂಗಡಿಯವರೂ ಬಿಲ್ಲಿನ ಕಂಪ್ಯೂಟರನ್ನು ಮುಟ್ಟಗೊಡುವುದಿಲ್ಲ. ನಮ್ಮನ್ನು ಕೇಳಿದರೆ, ಮುಟ್ಟಗೊಡಲೂಬಾರದು. ಹೀಗಾಗಿ ಜಾಲತಾಣದಲ್ಲಿ ಕಂಡ ಫಂಕ್ಷನ್ ನಿಮ್ಮಲ್ಲಿ ಇರುವುದಿಲ್ಲ, ಇದ್ದರೂ ಅದಕ್ಕೆ ಕೊಡಬೇಕಾದ ಆರ್ಗ್ಯುಮೆಂಟುಗಳ ಸಾಲು ಬೇರೆ. ಇನ್ನು ಮುಂದೆ ನೀವು ಓದುವ ವಿವರಣೆಯೂ ನೀವು ಓಡಿಸುವ ಕೋಡೂ ಒಂದೇ ಫೈಲಿನವು. ಗೋದಾಮಿನ ಮೂಲೆಯಲ್ಲಿ ಇಂಟರ್ನೆಟ್ ಇಲ್ಲದೆ ಕುಳಿತವರಿಗೂ ಇದರಿಂದ ಅನುಕೂಲ.

ಹೊಸದಾಗಿ ಏನನ್ನೂ ಕೊಳ್ಳಬೇಕಿಲ್ಲ. ಈ ಕೆಲಸಕ್ಕೆ ಪೈಥಾನ್‌ನಲ್ಲೇ ಪೈಡಾಕ್ ಎಂಬ ಮಾಡ್ಯೂಲ್ (ಒಂದು ಕೆಲಸಕ್ಕೆಂದು ಬರೆದ ಕೋಡ್ ಫೈಲು) ಇದೆ. ನಿಮ್ಮ ಪ್ರಾಜೆಕ್ಟಿನ ಫೋಲ್ಡರಿನಲ್ಲಿ ಟರ್ಮಿನಲ್ ತೆರೆದು ‘ಪೈಥಾನ್ -ಎಂ ಪೈಡಾಕ್ -ಬಿ’ ಎಂಬ ಆಜ್ಞೆ ಕೊಡಿ. ಇಂಗ್ಲಿಷ್ ಅಕ್ಷರಗಳಲ್ಲಿ ಹೇಗಿರಬೇಕೋ ಹಾಗೆ ಬರೆದ ಚೀಟಿಯನ್ನು ಇದರೊಂದಿಗೆ ಲಗತ್ತಿಸಿದ್ದೇವೆ. ಪೈಡಾಕ್ ಖಾಲಿ ಇರುವ ಒಂದು ಪೋರ್ಟನ್ನು (ಬ್ರೌಸರ್ ಸರ್ವರನ್ನು ತಲುಪುವ ಸಂಖ್ಯೆಯನ್ನು) ತಾನೇ ಹುಡುಕಿಕೊಂಡು ಬ್ರೌಸರನ್ನೂ ತೆರೆಯುತ್ತದೆ. ಪೋರ್ಟ್ ಇಂಥದ್ದೇ ಆಗಬೇಕೆಂದರೆ ‘-ಪಿ’ ಬರೆದು ಸಂಖ್ಯೆ ಕೊಡಿ. ಮೊದಲ ಪುಟದಲ್ಲಿ ಮಾಡ್ಯೂಲುಗಳ ಸೂಚಿ ಇರುತ್ತದೆ. ಮೇಲೆ ಪೈಥಾನ್‌ನವು, ಕೆಳಗೆ ಒಂದೊಂದೇ ಫೋಲ್ಡರಿನವು. ಓದಿ ಮುಗಿದ ಮೇಲೆ ಟರ್ಮಿನಲ್ಲಿಗೆ ಮರಳಿ ‘ಕ್ಯೂ’ ಬರೆದು ಎಂಟರ್ ಒತ್ತಿದರೆ ಸರ್ವರ್ ನಿಲ್ಲುತ್ತದೆ. ವರ್ಚುವಲ್ ಎನ್ವಿರಾನ್‌ಮೆಂಟ್ (ಒಂದು ಪ್ರಾಜೆಕ್ಟಿಗೆಂದೇ ಬೇರೆಯಾಗಿಟ್ಟ ಪೈಥಾನ್) ಬಳಸುವವರು ಅದರೊಳಗಿನ ಪೈಥಾನ್‌ನಿಂದಲೇ ಓಡಿಸಿ. ಇಲ್ಲದಿದ್ದರೆ ಸೂಚಿಯಲ್ಲಿ ನಮ್ಮ ಲೈಬ್ರರಿಯೇ ಕಾಣದೆ ನಮಗೆ ಫೋನ್ ಮಾಡುತ್ತೀರಿ.

ಟರ್ಮಿನಲ್ಲಿನಲ್ಲೇ ಓದಬಹುದಲ್ಲ ಎಂದು ಕೆಲವರು ಕೇಳಿದ್ದಾರೆ. ಓದಬಹುದು, ಆದರೆ ವಿವರಣೆಗಳನ್ನು ಈಗ ಕನ್ನಡದಲ್ಲಿ ಬರೆಯುತ್ತಿದ್ದೇವೆ. ವಿಂಡೋಸಿನ ಕಪ್ಪು ಕಮಾಂಡ್ ಪರದೆಯಲ್ಲಿ ಕನ್ನಡದ ಒತ್ತಕ್ಷರಗಳು ಕೂಡಿಕೊಳ್ಳುವುದಿಲ್ಲ. ‘ಒಟ್ಟು ತೂಕ’ ಎಂಬಷ್ಟು ಚಿಕ್ಕ ಮಾತೂ ಚೂರುಚೂರಾಗಿ ಕಾಣುತ್ತದೆ. ಪೈಡಾಕ್ ಪುಟವನ್ನು ಎಲ್ಲ ಭಾಷೆಗಳ ಅಕ್ಷರಗಳಿಗೂ ಒಗ್ಗುವ ಯುಟಿಎಫ್-8 ಸಂಕೇತದಲ್ಲಿ ಕಳಿಸುತ್ತದೆ, ಬ್ರೌಸರಿನಲ್ಲಿ ಅಕ್ಷರಗಳು ಸರಿಯಾಗಿ ಮೂಡುತ್ತವೆ.

ಒಂದು ವಿಷಯವನ್ನು ಮಾತ್ರ ದಯವಿಟ್ಟು ಗಮನವಿಟ್ಟು ಓದಿ. ಪೈಡಾಕ್ ಒಂದು ಮಾಡ್ಯೂಲಿನ ಪುಟ ತೋರಿಸುವ ಮುನ್ನ ಆ ಮಾಡ್ಯೂಲನ್ನು ಇಂಪೋರ್ಟ್ ಮಾಡುತ್ತದೆ. ಅಂದರೆ ಫಂಕ್ಷನ್‌ಗಳ ಹೊರಗೆ ಬರೆದ ಸಾಲುಗಳೆಲ್ಲ ಓಡುತ್ತವೆ. ನಮ್ಮ ಲೈಬ್ರರಿಯಲ್ಲಿ ತೊಂದರೆ ಕೊಡುವ ಅಂಥ ಸಾಲುಗಳಿಲ್ಲ. ಆದರೆ ನೀವು ಬರೆದ ಫೈಲಿನ ಮೇಲ್ಭಾಗದಲ್ಲೇ ತೂಕದ ಯಂತ್ರದ ಕಾಮ್ ಪೋರ್ಟ್ (ಯಂತ್ರವನ್ನು ಕಂಪ್ಯೂಟರಿಗೆ ಜೋಡಿಸುವ ಕಿಂಡಿ) ತೆರೆಯುವ ಸಾಲಿದ್ದರೆ, ಆ ಫೈಲಿನ ಪುಟದ ಮೇಲೆ ಕ್ಲಿಕ್ ಮಾಡಿದ ಕೂಡಲೇ ಪೈಡಾಕ್ ಆ ಕಾಮ್ ಪೋರ್ಟನ್ನು ಹಿಡಿದುಕೊಳ್ಳುತ್ತದೆ. ಅತ್ತ ಗಲ್ಲೆಯ ಮೇಲಿನ ಬಿಲ್ ಪ್ರೋಗ್ರಾಂ ಶುರುವಾದಾಗ ತೂಕ ಸಿಗುವುದಿಲ್ಲ. ರೈತರು ಚೀಲ ಇಳಿಸಿ ನಿಂತಿರುವಾಗ ಇದು ಆಗುವುದು ಬೇಡ. ಅಂಥ ಸಾಲುಗಳನ್ನು, ಫೈಲನ್ನು ನೇರವಾಗಿ ಓಡಿಸಿದಾಗ ಮಾತ್ರ ನಡೆಯುವ ‘ಮೇನ್’ ಷರತ್ತಿನೊಳಗೆ ಸರಿಸಿ, ಇಲ್ಲವೇ ವಿವರಣೆಯನ್ನು ಬೇರೆ ಕಂಪ್ಯೂಟರಿನಲ್ಲಿ ಓದಿ.

ಈ ಸರ್ವರ್ ಸಹಜವಾಗಿ ಲೋಕಲ್‌ಹೋಸ್ಟ್‌ನಲ್ಲಿ, ಅಂದರೆ 127.0.0.1 ವಿಳಾಸದಲ್ಲಿ ಓಡುತ್ತದೆ. ಪಕ್ಕದ ಮೇಜಿನವರಿಗೂ ಕಾಣುವುದಿಲ್ಲ. ಪೈಥಾನ್ 3.7ರಿಂದ ‘-ಎನ್’ ಕೊಟ್ಟು ಕಚೇರಿಯ ಜಾಲಕ್ಕೆಲ್ಲ ತೆರೆದಿಡಬಹುದು, ಆದರೆ ನಾವು ಬೇಡವೆನ್ನುತ್ತೇವೆ. ಇದಕ್ಕೆ ಪಾಸ್‌ವರ್ಡ್ ಇಲ್ಲ. ಹಳೆಯ ಪೈಡಾಕ್‌ನಲ್ಲಿದ್ದ ಒಂದು ಸೌಲಭ್ಯದ ಮೂಲಕ ಡಿಸ್ಕಿನ ಬೇರೆ ಫೈಲುಗಳನ್ನೂ ಓದಬಹುದಿತ್ತು. ಅದನ್ನು 2021ರಲ್ಲಿ ತೆಗೆದುಹಾಕಿದರು. ಇನ್ನೂ ವಿಂಡೋಸ್ 7 ಇಟ್ಟುಕೊಂಡವರಿಗೆ ಪೈಥಾನ್ 3.8ರ ಆಚೆಗೆ ದಾರಿಯಿಲ್ಲ. ಕೊನೆಯ ಪಕ್ಷ 3.8.10 ಹಾಕಿಕೊಳ್ಳಿ, ಅದರಲ್ಲಿ ಈ ದುರಸ್ತಿ ಸೇರಿದೆ.

ಗೋ ಭಾಷೆಯಲ್ಲಿ ಬರೆಯುವ ಕೆಲವು ಗ್ರಾಹಕರಿಗೆ ಇದು ಹೊಸದಲ್ಲ. ಅವರು 6060ನೆಯ ಪೋರ್ಟಿನಲ್ಲಿ ಇಂಥದ್ದೇ ಆದ ಗೋಡಾಕ್ ಓಡಿಸಿ ರೂಢಿಯಾದವರು.

ಗುಮಾಸ್ತರಿಗಾಗಿ ಮುದ್ರಿಸುವ ಬಿಲ್ ಕೈಪಿಡಿ ನಿಲ್ಲುವುದಿಲ್ಲ. ‘ಮುದ್ರಣ ಕಾಶಿ’ ಎನಿಸಿಕೊಂಡ ಗದಗನ್ನು ಪಕ್ಕದಲ್ಲಿಟ್ಟುಕೊಂಡು ಕಾಗದದ ಪುಸ್ತಕ ಬಿಡಲು ನಮಗೂ ಮನಸ್ಸಿಲ್ಲ. ಅದು ಎಂದಿನಂತೆ ಬಿಲ್ಲಿನ ಸೀಸನ್ನಿಗೆ ಮೊದಲು ಅಂಚೆಯಲ್ಲಿ ಬರುತ್ತದೆ.

ನಿಮ್ಮಲ್ಲಿರುವ ಆವೃತ್ತಿಯ ವಿವರಣೆ ಸಹಿತ ಪ್ಯಾಕೇಜನ್ನು ಈ ತಿಂಗಳಲ್ಲೇ ಕಳಿಸುತ್ತೇವೆ. ಅದರಲ್ಲಿ ಕೋಡ್ ಬದಲಾಗಿರುವುದಿಲ್ಲ, ವಿವರಣೆ ಮಾತ್ರ ಸೇರಿರುತ್ತದೆ. ಇಂಟರ್ನೆಟ್ ಇಲ್ಲದವರು ತಿಳಿಸಿದರೆ ಪೆನ್‌ಡ್ರೈವ್‌ನಲ್ಲಿ ತಲುಪಿಸುತ್ತೇವೆ. ಒಂದನೆಯ ತಾರೀಖಿನ ನಂತರ ಜಾಲತಾಣದ ಹಳೆಯ ಪುಟಗಳ ವಿಳಾಸಗಳಲ್ಲಿ ಈ ಪತ್ರವೇ ಕಾಣುತ್ತದೆ.

ಇಂತಿ ತಮ್ಮ ವಿಶ್ವಾಸಿ,
ಗ್ರಾಹಕ ಸೇವಾ ವಿಭಾಗ