ತಿಳಿಹೇಳುವುದಕ್ಕೂ ಒಂದು ಹೊತ್ತಿದೆ

ಮಾನ್ಯ ಸಂಪಾದಕರೇ,

ಮಕ್ಕಳ ಹಟ, ಅಳು, ಭಯದ ಬಗ್ಗೆ ಪತ್ರಿಕೆಗಳಲ್ಲಿ ಬರುವ ಸಲಹೆಗಳು ಹೆಚ್ಚಾಗಿ ಒಂದೇ ಮಾತಿಗೆ ಬಂದು ನಿಲ್ಲುತ್ತವೆ: ‘ಪಕ್ಕದಲ್ಲಿ ಕೂರಿಸಿಕೊಂಡು ತಾಳ್ಮೆಯಿಂದ ತಿಳಿಹೇಳಿ.’ ಮಾತು ಸುಳ್ಳಲ್ಲ. ಆದರೆ ಯಾವಾಗ ಹೇಳಬೇಕು ಎಂಬುದನ್ನು ಯಾರೂ ಬರೆಯುವುದಿಲ್ಲ. ಅಪ್ಪ ಅಮ್ಮಂದಿರು ಸೋತು ಸುಸ್ತಾಗುವುದು ಅಲ್ಲಿಯೇ.

18 ತಿಂಗಳಿನಿಂದ 3 ವರ್ಷದವರೆಗೆ ರಂಪ ಜಾಸ್ತಿ. ಬೇಕು ಅನ್ನಿಸುವುದು ನೂರು, ಹೇಳಲು ಬರುವ ಮಾತು ಹತ್ತು. ಆವೇಗಕ್ಕೆ ಕಡಿವಾಣ ಹಾಕುವ ಮಿದುಳಿನ ಮುಂಭಾಗ ಪೂರ್ತಿ ಬಲಿಯುವುದು 25ರ ಆಸುಪಾಸಿನಲ್ಲಿ. ನೆಲಕ್ಕೆ ಬಿದ್ದು ಒದ್ದಾಡುತ್ತಿರುವ ಮಗು ‘ಬೇಕಂತಲೇ ಮಾಡುತ್ತಿದೆ’ ಎನ್ನುವವರು ಇದನ್ನು ನೆನಪಿಡಬೇಕು. ರಂಪದೊಳಗೆ ಸಿಟ್ಟೂ ಇರುತ್ತದೆ, ದುಃಖವೂ ಇರುತ್ತದೆ. ಕಿರುಚಾಟ, ಒದೆತ, ಎಸೆತವೆಲ್ಲ ಸಿಟ್ಟಿನವು. ಸರ್ರನೆ ಏರಿ ಬೇಗ ಇಳಿಯುತ್ತವೆ. ದುಃಖದ ಬಿಕ್ಕಳಿಕೆ ಮಾತ್ರ ಕೊನೆಯವರೆಗೂ ಉಳಿಯುತ್ತದೆ. ಸಿಟ್ಟು ನೆತ್ತಿಗೇರಿರುವಾಗ ‘ಏನಾಯ್ತು? ಯಾಕೆ ಹೀಗಾಡ್ತೀಯ? ಇದು ಬೇಕಾ, ಅದು ಬೇಕಾ?’ ಎಂದು ಕೇಳುತ್ತಾ ಹೋದರೆ ಬೆಂಕಿಗೆ ತುಪ್ಪ ಸುರಿದಂತೆ.

ಆಗ ಮಾಡಬೇಕಾದದ್ದು ಬಹಳ ಕಡಿಮೆ. ತಗುಲಿ ಪೆಟ್ಟಾಗುವಂಥದ್ದನ್ನು ದೂರ ಸರಿಸಿ, ಕೈಗೆಟಕುವಷ್ಟು ಹತ್ತಿರ ನೆಲದ ಮೇಲೆ ಕುಳಿತುಕೊಳ್ಳಿ. ‘ಆಟ ನಿಲ್ಲಿಸಿದ್ದಕ್ಕೆ ಸಿಟ್ಟು ಬಂದಿದೆ’ ಎಂದು ಒಂದೇ ಒಂದು ಸಲ, ತಗ್ಗಿದ ದನಿಯಲ್ಲಿ ಹೇಳಿ ಸುಮ್ಮನಾಗಿ. ಭಾವಕ್ಕೆ ಹೆಸರಿಡುವುದು ಬರಿಯ ಉಪಚಾರದ ಮಾತಲ್ಲ. ಹಾಗೆ ಹೆಸರಿಟ್ಟಾಗ ಭಯ, ಸಿಟ್ಟಿನಂಥ ಭಾವಗಳಿಗೆ ಮಿಡಿಯುವ ಮಿದುಳಿನ ಭಾಗವಾದ ಅಮಿಗ್ಡಲದ ಚಟುವಟಿಕೆ ತಗ್ಗುವುದನ್ನು ಮನೋವಿಜ್ಞಾನಿ ಮ್ಯಾಥ್ಯೂ ಲೀಬರ್‌ಮನ್ ಮತ್ತು ಸಂಗಡಿಗರು 2007ರಲ್ಲಿ ದೊಡ್ಡವರ ಮೇಲೆ ನಡೆಸಿದ ಅಧ್ಯಯನದಲ್ಲಿ ತೋರಿಸಿದರು. ಹೊಡೆಯಲು ಬಂದರೆ ಕೈ ಹಿಡಿದು ‘ಹೊಡೆಯೋಕೆ ಬಿಡಲ್ಲ’ ಎಂದರೆ ಸಾಕು. ಕಿರುಚಾಟ ಅಳುವಾಗಿ ಮೆತ್ತಗಾದಾಗ ಮಗುವೇ ಹತ್ತಿರ ಬರುತ್ತದೆ. ಆಗ ಎತ್ತಿಕೊಳ್ಳಿ. ತಿಳಿಹೇಳುವುದು ಅದಾಗಿ ಅರ್ಧ ಗಂಟೆಯ ಮೇಲೆ, ಅದೂ ಎರಡೇ ವಾಕ್ಯ. ನಿಧಾನವಾಗಿ ಉಸಿರು ಬಿಡುವುದನ್ನು ಕಲಿಸುವುದಿದ್ದರೂ ಮಗು ನಗುನಗುತ್ತಾ ಇರುವಾಗಲೇ ಕಲಿಸಬೇಕು. ಮುಳುಗುತ್ತಿರುವವನಿಗೆ ಈಜು ಹೇಳಿಕೊಡಲಾಗುವುದಿಲ್ಲ.

ಇನ್ನೊಂದು ಕಡೆ ಎಡವುತ್ತೇವೆ. ‘ಇಲ್ಲ’ ಎಂದ ಮೇಲೆ ಮೊದಲ ಕೆಲವು ದಿನ ರಂಪ ಕಡಿಮೆಯಾಗುವ ಬದಲು ಜೋರಾಗಬಹುದು. ‘ಈ ಉಪಾಯ ನಡೆಯಲಿಲ್ಲ’ ಎಂದು ನಾಲ್ಕನೆಯ ದಿನ ಮಣಿದರೆ, ಇನ್ನೂ ಜೋರಾಗಿ ಅತ್ತರೆ ಸಿಗುತ್ತದೆ ಎಂಬುದನ್ನು ನಾವೇ ಕಲಿಸಿದಂತಾಯಿತು. ಯಾವಾಗಲೋ ಒಮ್ಮೆ ಫಲ ಕೊಡುವ ಹಟ, ದಿನವೂ ಫಲ ಕೊಡುವ ಹಟಕ್ಕಿಂತ ಗಟ್ಟಿ. ಕೊಡುವ ಮನಸ್ಸಿದ್ದರೆ ಮೊದಲ ಸಲ ಕೇಳಿದಾಗಲೇ ಕೊಟ್ಟುಬಿಡುವುದು ಲೇಸು.

ಅತ್ತು ಅತ್ತು ಉಸಿರು ಕಟ್ಟಿ ನೀಲಿಗಟ್ಟುವ ಮಕ್ಕಳ ಮನೆಯವರು ಹೆದರಿ ಎಲ್ಲಕ್ಕೂ ಹೂಂ ಅನ್ನುತ್ತಾರೆ. 6 ತಿಂಗಳಿನಿಂದ 6 ವರ್ಷದವರೆಗೆ ಇದು ಕಾಣಿಸಿಕೊಳ್ಳಬಹುದು. ಸಾಮಾನ್ಯವಾಗಿ ಒಂದು ನಿಮಿಷದೊಳಗೆ ಉಸಿರು ತಾನಾಗಿ ಮರಳುತ್ತದೆ. ಒಂದು ಮಗ್ಗುಲಿಗೆ ಮಲಗಿಸಿ. ಅಲುಗಾಡಿಸಬೇಡಿ, ಬಾಯಿಗೆ ಏನನ್ನೂ ಹಾಕಬೇಡಿ. ಮೊದಲ ಸಲ ಹೀಗಾದಾಗ ವೈದ್ಯರಿಗೆ ತೋರಿಸಲೇಬೇಕು. ಕಬ್ಬಿಣಾಂಶದ ಕೊರತೆಗೂ ಇದಕ್ಕೂ ನಂಟಿರುವುದರಿಂದ ರಕ್ತಪರೀಕ್ಷೆಯ ಬಗ್ಗೆ ಕೇಳಿ.

ಭಯದ ವಿಷಯದಲ್ಲಿ ತಿಳಿಹೇಳುವುದು ಬೇರೆಯೇ ರೀತಿಯಲ್ಲಿ ಕೈಕೊಡುತ್ತದೆ. ‘ಏನೂ ಆಗಲ್ಲ’ ಎಂದು ನಮ್ಮಿಂದ ಹತ್ತು ಸಲ ಹೇಳಿಸಿಕೊಂಡ ಮಗು ಹನ್ನೊಂದನೆಯ ಸಲವೂ ಕೇಳಲು ಬರುತ್ತದೆ, ಏಕೆಂದರೆ ನೆಮ್ಮದಿ ನಮ್ಮ ಬಾಯಿಂದ ಬಂತೇ ಹೊರತು ಅದರ ಅನುಭವದಿಂದ ಬರಲಿಲ್ಲ. ಕತ್ತಲೆಗೆ ಹೆದರುವ ಏಳು ವರ್ಷದ ಮಗುವಿನ ಜೊತೆ ಕುಳಿತು ಒಂದು ಏಣಿ ಬರೆಯಿರಿ: ಸಣ್ಣ ದೀಪ ಹಚ್ಚಿ ಅಮ್ಮ ಬಾಗಿಲಲ್ಲಿ, ಆಮೇಲೆ ಅಮ್ಮ ಪಕ್ಕದ ಕೋಣೆಯಲ್ಲಿ, ಆಮೇಲೆ ದೀಪವಿಲ್ಲದೆ ಎರಡು ನಿಮಿಷ, ಹೀಗೆ. ಪ್ರತಿ ಮೆಟ್ಟಿಲಿಗೂ ಎಷ್ಟು ಭಯ ಎಂದು 0ಯಿಂದ 10ರೊಳಗೆ ಮಗುವೇ ಅಂಕ ಕೊಡಲಿ. 3 ಅಂಕದ ಮೆಟ್ಟಿಲಿನಿಂದ ಶುರುಮಾಡಿ, ಆ ಭಯ ಅರ್ಧಕ್ಕಿಳಿಯುವವರೆಗೆ ಅಲ್ಲೇ ಇರಬೇಕು. ಅದೇ ಮೆಟ್ಟಿಲನ್ನು ಬೇಸರ ಬರುವಷ್ಟು ದಿನ ಮಾಡಿದ ಮೇಲೆ ಮುಂದಿನದು. ಭಯ ಏರಿರುವ ಗಳಿಗೆಯಲ್ಲೇ ಮಗುವನ್ನು ಹೊರಗೆ ಕರೆತಂದರೆ ‘ಓಡಿ ಬಂದದ್ದರಿಂದಲೇ ಉಳಿದೆ’ ಎಂಬ ಪಾಠವಾಗುತ್ತದೆ. ಶಾಲೆಗೆ ಹೋಗಲಾರೆ ಎನ್ನುವ ಮಗುವಿಗೂ ಇದೇ ಏಣಿ. ಅದಕ್ಕೆ ಮೊದಲು ಹೊಟ್ಟೆನೋವು ಎನ್ನುತ್ತಿದ್ದರೆ ಅದಕ್ಕೆ ಕಾಯಿಲೆಯೇನಾದರೂ ಕಾರಣವೇ ಎಂದು ವೈದ್ಯರಲ್ಲಿ, ಯಾರಾದರೂ ಕಾಡುತ್ತಿದ್ದಾರೆಯೇ ಎಂದು ಶಿಕ್ಷಕರಲ್ಲಿ ವಿಚಾರಿಸಬೇಕು. ಮನೆಯಲ್ಲಿ ಉಳಿದ ಒಂದೊಂದು ದಿನವೂ ಮರುದಿನದ ಹೊಸ್ತಿಲನ್ನು ಎತ್ತರಿಸುತ್ತದೆ.

ನಿದ್ದೆಯ ಲೆಕ್ಕವನ್ನಂತೂ ಮೊದಲು ನೋಡಿಕೊಳ್ಳಿ. 3ರಿಂದ 5 ವರ್ಷದವರಿಗೆ ಹಗಲಿನದೂ ಸೇರಿ 10–13 ಗಂಟೆ, 6ರಿಂದ 12ರವರಿಗೆ 9–12, ಹದಿಹರೆಯದವರಿಗೆ 8–10. ಸಿಡುಕಿಗೆ ಎಷ್ಟೋ ಸಲ ಇದಕ್ಕಿಂತ ಗಹನವಾದ ಕಾರಣವಿರುವುದಿಲ್ಲ.

ದೊಡ್ಡವರೂ ರೇಗುತ್ತಾರೆ. ಆಮೇಲೆ ‘ನಾನು ಕಿರುಚಿದೆ. ಅದು ತಪ್ಪು. ನಿನಗೆ ಹೆದರಿಕೆಯಾಗಿರಬೇಕು’ ಎಂದು ಹೇಳಿ ಅಲ್ಲಿಗೇ ನಿಲ್ಲಿಸಬೇಕು. ‘ಆದರೆ ನೀನೂ...’ ಎಂದು ಮುಂದುವರಿಸಿದರೆ ಕ್ಷಮೆ ಹೋಗಿ ಆರೋಪ ಉಳಿಯುತ್ತದೆ. ಗಂಡ ಹೆಂಡತಿ ಜಗಳವಾಡುವುದು ಮಕ್ಕಳ ಮುಂದೆ, ರಾಜಿಯಾಗುವುದು ಬಾಗಿಲ ಹಿಂದೆ. ಮಗುವಿನ ಕಣ್ಣಿಗೆ ಆ ಜಗಳ ಮುಗಿದೇ ಇರುವುದಿಲ್ಲ. ‘ನಿನ್ನೆಯದು ಮುಗೀತು, ಅದು ನಿನ್ನಿಂದ ಆದದ್ದಲ್ಲ’ ಎಂದು ಇಬ್ಬರೂ ಸೇರಿ ಹೇಳಲು ಅರ್ಧ ನಿಮಿಷ ಸಾಕು.

ಇವೆಲ್ಲ ಮನೆಮದ್ದು. ರಂಪ ಪದೇ ಪದೇ ಅರ್ಧ ಗಂಟೆ ಮೀರುತ್ತಿದ್ದರೆ, ಮಗು ತನಗೇ ಪೆಟ್ಟು ಮಾಡಿಕೊಳ್ಳುತ್ತಿದ್ದರೆ, ಮಂಕು, ನಿದ್ದೆಗೇಡು, ಆಟದಲ್ಲಿ ನಿರಾಸಕ್ತಿ ಎರಡು ವಾರ ದಾಟಿದರೆ ಮಕ್ಕಳ ವೈದ್ಯರನ್ನೋ ಮನೋವೈದ್ಯರನ್ನೋ ಕಾಣಬೇಕು. ‘ಬದುಕೋದು ಬೇಡ’ ಎಂಬ ಮಾತು ಬಂದರೆ ಅದೇ ದಿನ, ಮಗುವನ್ನು ಒಂಟಿಯಾಗಿ ಬಿಡದೆ. ಸಾಯಬೇಕು ಅನ್ನಿಸುತ್ತಿದೆಯಾ ಎಂದು ನೇರವಾಗಿ ಕೇಳುವುದರಿಂದ ಆ ಯೋಚನೆ ತಲೆಗೆ ಹೊಕ್ಕುವುದಿಲ್ಲ, ಕೇಳಲೇಬೇಕು.

ತಮ್ಮ ಪುರವಣಿಯಲ್ಲಿ ಮಕ್ಕಳ ಬಗ್ಗೆ ಸಲಹೆ ಅಚ್ಚಾಗುವಾಗ, ಅದು ಯಾವ ವಯಸ್ಸಿಗೆ, ಯಾವ ಗಳಿಗೆಗೆ ಎಂಬ ಒಂದು ಸಾಲನ್ನು ಜೊತೆಗೆ ಸೇರಿಸಬೇಕೆಂದು ಕೋರುತ್ತೇವೆ.

ಇಂತಿ,
ಕೆಲವು ಮಕ್ಕಳ ಆಪ್ತಸಮಾಲೋಚಕರು