ಎರಡು ತಿಂಗಳ ಸಂಬಳದ ವಿಚಾರ

ಚಿ. ಮನುವಿಗೆ ದೊಡ್ಡಪ್ಪನ ಆಶೀರ್ವಾದಗಳು.

ಮನೆಯ ಸಮಾಚಾರ ನಿಮ್ಮಮ್ಮ ಫೋನಿನಲ್ಲಿ ಹೇಳಿರುತ್ತಾಳೆ, ಅದನ್ನು ಮತ್ತೆ ಬರೆಯುವುದಿಲ್ಲ. ನಿನ್ನ ಪತ್ರದ ಕೊನೆಗೆ ಒಂದು ಸಾಲಿದೆ: 'ಎರಡು ತಿಂಗಳಿಂದ ಸಂಬಳ ಬಂದಿಲ್ಲ, ಕೇಳಿದರೆ ಹೊರಗೆ ಕೂರಿಸುತ್ತಾರೆ ಅಂತ ಸುಮ್ಮನಿದ್ದೇನೆ.' ಚಳಿ, ಊಟ, ಮೈದಾನ ಎಲ್ಲಕ್ಕೂ ಪುಟಗಟ್ಟಲೆ ಬರೆದು ಇದಕ್ಕೆ ಒಂದೇ ಸಾಲು. ನನ್ನ ನಿದ್ದೆ ಕೆಡಿಸಿದ್ದು ಆ ಸಾಲು.

ಸಂಬಳ ತಡವಾಗಿದ್ದಕ್ಕೆ ನನಗೆ ಅಷ್ಟು ಗಾಬರಿಯಿಲ್ಲ. ಸಣ್ಣ ಫುಟ್‌ಬಾಲ್ ಕ್ಲಬ್ಬಿನಲ್ಲಿ ಪ್ರಾಯೋಜಕರ ಒಂದು ಕಂತು ತಪ್ಪಿದರೂ ಮೊದಲು ನಿಲ್ಲುವುದು ಆಟಗಾರರ ಸಂಬಳ. ಅದರಲ್ಲೂ ಹೊರದೇಶದ ಹುಡುಗರದ್ದು. ಅವರಿಗೆ ಭಾಷೆ ಬರಲ್ಲ, ಪರವಾಗಿ ಕೇಳುವವರಿಲ್ಲ ಅನ್ನುವ ಧೈರ್ಯ. ನನ್ನ ಗಾಬರಿಯೆಲ್ಲ ನೀನು ಸುಮ್ಮನಿರುವುದಕ್ಕೆ.

ಜಗತ್ತಿನ ಫುಟ್‌ಬಾಲ್ ಸಂಸ್ಥೆ ಫಿಫಾದ ನಿಯಮಾವಳಿಗೆ 2018ರಲ್ಲಿ '14 ಬಿಸ್' ಅಂತ ಒಂದು ವಿಧಿ ಸೇರಿಸಿದರು. ಕ್ಲಬ್ಬು ಕಾರಣವಿಲ್ಲದೆ ಎರಡು ತಿಂಗಳ ಸಂಬಳ ಉಳಿಸಿಕೊಂಡರೆ ಆಟಗಾರ ಒಪ್ಪಂದ ಮುರಿದು ಹೊರಬರಬಹುದು. ಆದರೆ ಮೊದಲು ಬರವಣಿಗೆಯಲ್ಲಿ ಬಾಕಿ ಕೇಳಿ, ಕಟ್ಟಲು ಕನಿಷ್ಠ 15 ದಿನ ಗಡುವು ಕೊಟ್ಟಿರಬೇಕು. ಮ್ಯಾನೇಜರಿಗೆ ವಾಟ್ಸಾಪಿನಲ್ಲಿ 'ಸರ್, ಸಂಬಳ ಯಾವಾಗ' ಅಂತ ಹಾಕಿದ್ದನ್ನು ನೋಟಿಸ್ ಅಂತ ಒಪ್ಪಿಸುವುದು ಕಷ್ಟ. ಕ್ಲಬ್ಬಿನ ಅಧಿಕೃತ ಇ-ಮೇಲಿಗೆ ಕಳಿಸು, ಅದರದೇ ಪ್ರತಿ ಕೊರಿಯರಿನಲ್ಲೂ ಹೋಗಲಿ. ಯಾವ ಯಾವ ತಿಂಗಳು, ಒಪ್ಪಂದದ ಯಾವ ಕಲಮಿನಂತೆ ಎಷ್ಟು, ಯಾವ ಬ್ಯಾಂಕ್ ಖಾತೆಗೆ, ಯಾವ ತಾರೀಖಿನೊಳಗೆ, ಇಷ್ಟೇ ಸಾಕು. ಸಿಟ್ಟಿನ ಒಂದು ಮಾತೂ ಬೇಡ.

ಒಂದನ್ನು ಮಾತ್ರ ನೋಡಿಕೊ. ಎರಡೂ ತಿಂಗಳ ಪಾವತಿ ದಿನ ನಿಜವಾಗಿ ದಾಟಿರಬೇಕು. ಸಂಬಳ ಮುಂದಿನ ತಿಂಗಳ 10ಕ್ಕೆ ಅಂತ ಒಪ್ಪಂದದಲ್ಲಿದ್ದರೆ 11ರವರೆಗೆ ಅದು ಬಾಕಿಯಲ್ಲ. ಹದಿನಾಲ್ಕನೇ ದಿನ ಒಂದು ತಿಂಗಳದ್ದು ಮಾತ್ರ ಹಾಕಿ ಬಾಯಿ ಮುಚ್ಚಿಸುವ ಕ್ಲಬ್ಬುಗಳೂ ಉಂಟು. ಹಾಗಾದರೆ ಈ ವಿಧಿ ಹಿಡಿದು ಹೊರಬರಬಹುದೋ ಇಲ್ಲವೋ ಅಂತ ವಕೀಲರನ್ನು ಕೇಳದೆ ಹೆಜ್ಜೆ ಇಡಬೇಡ, ಆದರೆ ಉಳಿದ ಬಾಕಿ ಎಲ್ಲೂ ಹೋಗುವುದಿಲ್ಲ. 30 ದಿನ ದಾಟಿದ ಬಾಕಿಗೆ 10 ದಿನದ ನೋಟಿಸ್ ಕೊಟ್ಟು, ತಂಡದಲ್ಲಿದ್ದುಕೊಂಡೇ ಫಿಫಾದ ಫುಟ್‌ಬಾಲ್ ಟ್ರಿಬ್ಯೂನಲ್ಲಿನಲ್ಲಿ ದಾವೆ ಹಾಕಬಹುದು. ನೀನು ಆ ದೇಶದವನಲ್ಲವಾದ್ದರಿಂದ ಆ ಬಾಗಿಲು ನಿನಗೆ ತೆರೆದಿದೆ. ಆಟಗಾರನಿಗೆ ಶುಲ್ಕವಿಲ್ಲ. ಎರಡು ವರ್ಷದೊಳಗೆ ಹಾಕಬೇಕು ಅಷ್ಟೆ. ಕಾಗದಗಳು ಇಂಗ್ಲಿಷ್, ಫ್ರೆಂಚ್ ಅಥವಾ ಸ್ಪ್ಯಾನಿಷ್‌ನಲ್ಲಿ ಇರಬೇಕು, ಹಾಗಾಗಿ ಅನುವಾದ ಈಗಲೇ ಮಾಡಿಸಿಡು. ವ್ಯಾಜ್ಯವನ್ನು ಅಲ್ಲಿನ ದೇಶೀಯ ಮಂಡಳಿಯಲ್ಲೇ ಬಗೆಹರಿಸಬೇಕು ಅನ್ನುವ ಕಲಂ ನಿನ್ನ ಒಪ್ಪಂದದಲ್ಲಿದೆಯೋ ನೋಡು. ಇದ್ದರೆ ಯಾವುದಕ್ಕೂ ಕೈಹಾಕುವ ಮುಂಚೆ ವಕೀಲರನ್ನು ಕೇಳಬೇಕು.

ಇಷ್ಟೆಲ್ಲ ಕಾನೂನು ನಿನ್ನ ತಲೆಗೆ ತುಂಬುತ್ತಿದ್ದೇನೆ, ಬೇಜಾರು ಮಾಡಿಕೊಳ್ಳಬೇಡ. ನೀನು ಸುಮ್ಮನಿದ್ದೀಯ ಅನ್ನುವುದೇ ತಲೆಯಲ್ಲಿ ಸುತ್ತುತ್ತಿದೆ.

ನಮ್ಮ ಕಾಲದಲ್ಲಿ ಬೆಂಗಳೂರಿನ ಹುಡುಗ ಚೆನ್ನಾಗಿ ಆಡಿದರೆ ಸರ್ಕಾರಿ ಕಾರ್ಖಾನೆಗಳಾದ ಐಟಿಐನಲ್ಲೋ ಎಚ್‌ಎಎಲ್‌ನಲ್ಲೋ ನೌಕರಿ ಸಿಗುತ್ತಿತ್ತು. ಬೆಳಗ್ಗೆ ಪ್ರಾಕ್ಟೀಸು, ಆಮೇಲೆ ಹಾಜರಿ, ತಿಂಗಳಾದರೆ ಸಂಬಳ. ಮೊಣಕಾಲು ಹೋದರೂ ಕೂರಲು ಕುರ್ಚಿ ಇರುತ್ತಿತ್ತು. ಕಲ್ಕತ್ತೆಗೆ ಹೋದವರ ಕಥೆ ಬೇರೆ. ಮುಂಗಡ ಕೈಗೆ, ಉಳಿದದ್ದು ಸೀಸನ್ ಮುಗಿದ ಮೇಲೆ ಅಂತ ಬಾಯಿಮಾತು. ಆಸ್ಟಿನ್ ಟೌನಿನ, ಗೌತಮಪುರದ ಎಂಥೆಂಥ ಆಟಗಾರರು ಆ 'ಉಳಿದದ್ದು' ಕಾಣದೆಯೇ ಬೂಟು ಬಿಚ್ಚಿಟ್ಟರು! ಕೇಳಿದರೆ ಮುಂದಿನ ವರ್ಷ ಕರೆಯಲ್ಲ ಅನ್ನುತ್ತಿದ್ದರು. ಎಷ್ಟೋ ಜನರನ್ನು ಮುಂದಿನ ವರ್ಷ ಕರೆಯಲೂ ಇಲ್ಲ. ಅವರಿಗೆ ಹೋಗಿ ಕೇಳುವ ಜಾಗವೇ ಇರಲಿಲ್ಲವಲ್ಲ ಅನ್ನುವ ಸಂಕಟ ಇವತ್ತಿಗೂ ನನಗಿದೆ. ಅವರು ಆಡುತ್ತಿದ್ದ ಅದೇ ಮಾತು ನಿನ್ನ ಕಾಗದದಲ್ಲಿ ಕಂಡರೆ ಹೇಗಾಗಬೇಡ ಹೇಳು.

ಹೊರಗೆ ಕೂರಿಸುತ್ತಾರೆ ಅಂತೀಯ. ಕೂರಿಸಲಿ. ಪಂದ್ಯಕ್ಕೆ ಇಳಿಸುವುದು ಬಿಡುವುದು ಕೋಚಿನ ಇಷ್ಟ. ಆದರೆ ತಂಡದ ಜೊತೆ ಅಭ್ಯಾಸಕ್ಕೇ ಬಿಡದೆ, ಒಂಟಿಯಾಗಿ ಓಡಿಸಿ, ಒಪ್ಪಂದ ಬಿಟ್ಟು ಹೋಗುವಂತೆ ಕಾಡಿದರೆ ಅದೂ ಫಿಫಾ ನಿಯಮದಲ್ಲಿ ಕ್ಲಬ್ಬಿನ ತಪ್ಪೇ. ಅಂಥ ದಿನ ಬಂದರೆ ತಾರೀಖು, ವೇಳೆ, ಹೇಳಿದವರ ಹೆಸರು ಬರೆದಿಡು, ಅವತ್ತೇ ಕ್ಲಬ್ಬಿಗೆ ಒಂದು ಇ-ಮೇಲ್ ಹಾಕು: 'ಅಭ್ಯಾಸಕ್ಕೆ ಬಂದಿದ್ದೇನೆ, ಆಡಲು ಸಿದ್ಧನಿದ್ದೇನೆ.' ಬೇಜಾರಾಗಿ ಒಂದು ದಿನವೂ ತಪ್ಪಿಸಬೇಡ. ಸಂಬಳ ಕೊಡದಿದ್ದರೂ ನೀನು ಬರಲಿಲ್ಲ ಅನ್ನುವುದನ್ನೇ ಅವರು ಹಿಡಿದುಕೊಳ್ಳುತ್ತಾರೆ. ಗಡುವು ಮುಗಿಯುವ ಮುಂಚೆ ವಿಮಾನ ಹತ್ತಿದರೆ ತಪ್ಪು ನಿನ್ನ ತಲೆಗೆ ಬರುತ್ತದೆ, ಪರಿಹಾರ ಕಟ್ಟಿಕೊಡುವುದರ ಮೇಲೆ ನಾಲ್ಕು ತಿಂಗಳು ಆಡದಂತೆ ನಿಷೇಧವೂ ಬೀಳಬಹುದು.

ಬೆಂಚಿನ ಮೇಲೆ ಕೂತವರು ಕೆಟ್ಟಿಲ್ಲ ಮಗ. ಲಿಸ್ಬನ್ನಿನ ಸ್ಪೋರ್ಟಿಂಗ್ ಕ್ಲಬ್ಬಿನಲ್ಲಿ ಸುನಿಲ್ ಛೇತ್ರಿಗೆ ಬಿ ತಂಡದಲ್ಲಿ ಆಡಲು ಸಿಕ್ಕಿದ್ದು ಬೆರಳೆಣಿಕೆಯ ಪಂದ್ಯ. 2013ರಲ್ಲಿ ನಮ್ಮ ಬೆಂಗಳೂರಿಗೆ ಬಂದ ಮೇಲೆ ಆತ ಏನು ಮಾಡಿದ ಅಂತ ನಿನಗೆ ಹೇಳಬೇಕಾಗಿಲ್ಲ. ಗೋಲ್‌ಕೀಪರ್ ಗುರ್‌ಪ್ರೀತ್ ಸಿಂಗ್ ಸಂಧು 2014ರಲ್ಲಿ ನಾರ್ವೆಯ ಸ್ಟಾಬೆಕ್‌ಗೆ ಹೋಗಿ, ಕಾದು ಕಾದು, 2016ರಲ್ಲಿ ಯುರೋಪಾ ಲೀಗ್ ಅರ್ಹತಾ ಪಂದ್ಯಕ್ಕೆ ಇಳಿದ. ಡಿಫೆಂಡರ್ ಸಂದೇಶ್ ಜಿಂಗನ್ ಕ್ರೊಯೇಷಿಯಾದಿಂದ ಗಾಯದ ಕಾರಣಕ್ಕೆ ಒಂದೂ ಪಂದ್ಯ ಆಡದೆ ವಾಪಸ್ ಬಂದ. ಮತ್ತೆ ದೇಶಕ್ಕೆ ಆಡಿದ. ಹಿಂದೆ ಬಂದರೆ ಊರಿನವರು ನಗುತ್ತಾರೆ ಅನ್ನುವ ಯೋಚನೆ ಏನಾದರೂ ಒಳಗಿದ್ದರೆ ತೆಗೆದುಹಾಕು.

ಇನ್ನೊಂದು ಭಯ ಬರೆದೇಬಿಡುತ್ತೇನೆ. ನೀನು ಸುಮ್ಮನಿರುವ ಹುಡುಗ ಅಂತ ಗೊತ್ತಾದರೆ ಒಂದು ದಿನ ಆಫೀಸಿಗೆ ಕರೆದು, ಅಲ್ಲಿನ ಭಾಷೆಯ ಒಂದು ಹಾಳೆ ಮುಂದಿಟ್ಟು, ಒಂದು ತಿಂಗಳ ಹಣ ಈಗಲೇ ತಗೋ, ಇಲ್ಲಿ ಸಹಿ ಹಾಕು ಅಂತಾರೆ. ಪರಸ್ಪರ ಒಪ್ಪಿಗೆಯಿಂದ ಒಪ್ಪಂದ ಮುಗಿಸುವ ಕಾಗದ ಅದು. ಕೊನೆಯ ಸಾಲುಗಳಲ್ಲಿ 'ನನಗೆ ಬರಬೇಕಾದ್ದೆಲ್ಲ ಬಂದಿದೆ, ಮುಂದೆ ಯಾವ ಹಕ್ಕೂ ಕೇಳುವುದಿಲ್ಲ' ಅಂತ ಇರುತ್ತದೆ. ಅಲ್ಲಿಗೆ ದಾವೆಯೂ ಮುಗಿಯಿತು, ಬಾಕಿಯೂ ಮುಗಿಯಿತು. ಫೋಟೋ ತೆಗೆದುಕೊ, ನಾಳೆ ಹೇಳುತ್ತೇನೆ ಅಂತ ಎದ್ದು ಬಾ. ನಗದು ಕೊಟ್ಟು ಹಿಂದಿನ ತಾರೀಖಿನ ರಸೀದಿಗೆ ಸಹಿ ಕೇಳಿದರೂ ಅಷ್ಟೇ.

ನಿನ್ನನ್ನು ಕರೆದೊಯ್ದ ಏಜೆಂಟ್ ಈ ನೋಟಿಸ್ ಬೇಡ ಅನ್ನಬಹುದು. ಅವನು ಅದೇ ಕ್ಲಬ್ಬಿಗೆ ಮುಂದೆಯೂ ಹುಡುಗರನ್ನು ಕಳಿಸಬೇಕಲ್ಲ. ಅವನ ಬದಲು ಅಲ್ಲಿನ ಆಟಗಾರರ ಸಂಘವನ್ನು ಹುಡುಕು, ಜಗತ್ತಿನ ಆಟಗಾರರ ಸಂಘಗಳ ಒಕ್ಕೂಟವಾದ ಫಿಫ್‌ಪ್ರೋ ಸದಸ್ಯ ಸಂಘವಾದರೆ ಅವರ ವಕೀಲರು ಇಂಥ ನೋಟಿಸುಗಳನ್ನು ಬರೆದು ಪಳಗಿದವರು.

ಪಾಸ್‌ಪೋರ್ಟ್ ನಿನ್ನ ಹತ್ತಿರವೇ ಇದೆಯಾ? ಅದನ್ನು ಬರೆದಿಲ್ಲ ನೀನು. ರಿಜಿಸ್ಟ್ರೇಷನ್‌ಗೆ ಅಂತ ಕ್ಲಬ್ಬಿನವರು ಇಟ್ಟುಕೊಂಡಿದ್ದರೆ ಇವತ್ತೇ ಇಸ್ಕೊ. ಕೊಡದಿದ್ದರೆ ವಿದೇಶಾಂಗ ಇಲಾಖೆಯ ಮದದ್ ಪೋರ್ಟಲ್‌ನಲ್ಲಿ ದೂರು ದಾಖಲಿಸು, ರಾಯಭಾರ ಕಚೇರಿಗೆ ತಲುಪುತ್ತದೆ. ವಾಸದ ಪರವಾನಗಿ ಒಪ್ಪಂದಕ್ಕೆ ಅಂಟಿಕೊಂಡಿದ್ದರೆ, ಒಪ್ಪಂದ ಮುರಿದ ಮೇಲೆ ಎಷ್ಟು ದಿನ ಇರಬಹುದು ಅಂತ ಸಂಘದವರನ್ನು ಮೊದಲೇ ಕೇಳು. ಸೇರಿದ ದಿನದಿಂದ ಇಲ್ಲಿಯವರೆಗಿನ ಬ್ಯಾಂಕ್ ಸ್ಟೇಟ್‌ಮೆಂಟ್ ಇಳಿಸಿಟ್ಟುಕೊ. ಇಮೇಜ್ ಹಕ್ಕು, ಅಂದರೆ ನಿನ್ನ ಹೆಸರು, ಫೋಟೋ ಬಳಸುವ ಹಕ್ಕು ಅಂತ ಬೇರೆ ಕಾಗದ ಮಾಡಿ ಸಂಬಳದ ಒಂದು ಪಾಲು ಅದರಲ್ಲಿ ತೋರಿಸಿದ್ದರೆ ಅದನ್ನೂ ಕಳಿಸು, ಆ ಹಣ ಕೇಳುವ ದಾರಿ ಬೇರೆಯಾಗಬಹುದು.

ನೋಟಿಸಿನ ಕರಡು ನಿನ್ನ ಕೈಯಲ್ಲೇ ಬರೆದು ಭಾನುವಾರದೊಳಗೆ ನನಗೆ ಹಾಕು. ತಪ್ಪಿದ್ದರೂ ಪರವಾಗಿಲ್ಲ, ಕೂತು ಸರಿಮಾಡೋಣ. ಸೋಮವಾರ ಬೆಳಗ್ಗೆ ಕ್ಲಬ್ಬಿಗೆ ಹೋಗಲಿ.

ಇತಿ,
ನಿನ್ನ ದೊಡ್ಡಪ್ಪ