ಕುರಿಗಾಹಿಯ ಮಾತು ಸಂಶೋಧನೆಗೆ ಬೇಡವೇ?

ಮಾನ್ಯ ಸಂಪಾದಕರೇ,

ಚಳ್ಳಕೆರೆ ಕಡೆಯ ಕುರಿಗಾಹಿಗಳು ಕುರಿಯ ರೋಗವನ್ನು ಹೇಗೆ ಗುರುತಿಸುತ್ತಾರೆ? ಅದನ್ನು ಯಾರಿಂದ ಕಲಿತರು? ಪಶುವೈದ್ಯರು ಬೇರೆಯೇ ಹೇಳಿದರೆ ಯಾರ ಮಾತು ನಂಬುತ್ತಾರೆ? ನನ್ನ ವಿದ್ಯಾರ್ಥಿನಿಯೊಬ್ಬಳು ಪಿಎಚ್.ಡಿ.ಗೆ ಆರಿಸಿಕೊಂಡ ವಿಷಯ ಇದು. ಮಂದೆಯ ಜೊತೆ ನಡೆದು, ರೊಪ್ಪದ ಬಳಿ ಕೂತು, ಕೇಳಿಸಿಕೊಂಡು ಬರೆಯುವುದು ಅವಳ ಯೋಜನೆ. ವಿಶ್ವವಿದ್ಯಾಲಯದ ಸಂಶೋಧನಾ ಸಮಿತಿ ಅದನ್ನು ವಾಪಸ್ ಕಳಿಸಿತು. 300 ಜನರಿಗೆ ಪ್ರಶ್ನಾವಳಿ ಕೊಟ್ಟು ಪರ್ಸೆಂಟೇಜ್ ತೋರಿಸಬೇಕು, ಇಲ್ಲದಿದ್ದರೆ ಅದು ಬರೀ ಕಥೆ ಎಂದರು. ನನಗೆ ತುಂಬಾ ಬೇಸರವಾಗಿದೆ.

ಹೀಗೆ ಕೂತು ಕೇಳಿದರೆ ಏನು ಸಿಗುತ್ತದೆ ಎಂಬುದಕ್ಕೆ ಒಂದು ಉದಾಹರಣೆ ಹೇಳುತ್ತೇನೆ. 1986ರಲ್ಲಿ ಚೆರ್ನೋಬಿಲ್ ಅಣುಸ್ಥಾವರ ಸಿಡಿದ ಮೇಲೆ ಇಂಗ್ಲೆಂಡಿನ ಕಂಬ್ರಿಯಾ ಬೆಟ್ಟಗಳಲ್ಲಿ ವಿಕಿರಣ ಬೆರೆತ ಮಳೆ ಸುರಿಯಿತು. ಜೂನ್‌ನಲ್ಲಿ ಅಲ್ಲಿನ ಕುರಿಗಳ ಸಾಗಣೆ, ವಧೆಯನ್ನು ಸರ್ಕಾರ ನಿಲ್ಲಿಸಿತು. ಮೂರು ವಾರ ಸಾಕು ಎಂದಿದ್ದರು. ಕೊನೆಯ ನಿರ್ಬಂಧ ತೆಗೆದದ್ದು 2012ರಲ್ಲಿ! ಮಳೆಯಲ್ಲಿ ಬಂದ ಸೀಸಿಯಂ ಎಂಬ ವಿಕಿರಣ ವಸ್ತುವನ್ನು ಜೇಡಿಮಣ್ಣು ಹಿಡಿದಿಟ್ಟುಕೊಳ್ಳುತ್ತದೆ ಎಂಬ ಲೆಕ್ಕ ವಿಜ್ಞಾನಿಗಳದು. ಆದರೆ ಆ ಬೆಟ್ಟಗಳದು ಕೊಳೆತ ಗಿಡಗಳಿಂದಾದ ಹುಳಿ ಪೀಟ್ ಮಣ್ಣು. ಅಲ್ಲಿ ಸೀಸಿಯಂ ಹುಲ್ಲಿನ ಬೇರಿಗೆ ಮತ್ತೆ ಮತ್ತೆ ಸಿಗುತ್ತಲೇ ಇತ್ತು.

ಲ್ಯಾಂಕಾಸ್ಟರ್ ವಿಶ್ವವಿದ್ಯಾಲಯದ ಸಮಾಜಶಾಸ್ತ್ರಜ್ಞ ಬ್ರಯಾನ್ ವಿನ್ ಅಲ್ಲಿ ಕುರಿ ಸಾಕುವ ರೈತರನ್ನು ಬಿಡುವಾಗಿ ಮಾತಾಡಿಸಿದರು. ವಿಜ್ಞಾನಿಗಳು ಸೀಸಿಯಂ ಹೀರಿಕೊಳ್ಳುವ ಬೆಂಟೊನೈಟ್ ಎಂಬ ಜೇಡಿಮಣ್ಣಿನ ಪ್ರಯೋಗಕ್ಕೆಂದು ಕುರಿಗಳನ್ನು ಬೇಲಿಯೊಳಗೆ ಕೂಡಿದ್ದರು. ಬಯಲಲ್ಲಿ ಮೇಯುವ ಕುರಿ ಹಾಗೆ ಕೂಡಿದರೆ ಸೊರಗುತ್ತದೆ ಎಂದು ರೈತರು ಹೇಳಿದ್ದರು. ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ. ಆಮೇಲೆ ಆ ಪ್ರಯೋಗ ಕೈಬಿಟ್ಟರು. ಹತ್ತಿರದಲ್ಲೇ ಸೆಲ್ಲಾಫೀಲ್ಡ್ ಅಣುಕೇಂದ್ರ. 1957ರಲ್ಲಿ ಅಲ್ಲಿ ಬೆಂಕಿ ಬಿದ್ದಿದ್ದನ್ನು ಜನ ಮರೆತಿರಲಿಲ್ಲ. ಈ ವಿಕಿರಣದಲ್ಲಿ ಆ ಹಳೆಯದೂ ಸೇರಿದೆಯೇ ಎಂಬ ಅನುಮಾನ ಅವರಿಗಿತ್ತು.

‘ವಿಜ್ಞಾನಿಗಳನ್ನು ನಂಬುತ್ತೀರಾ? ಹೌದು/ಇಲ್ಲ’ ಎಂದು ಕೇಳಿ ಟಿಕ್ ಹಾಕಿಸಿದ್ದರೆ ಇದೆಲ್ಲ ಸಿಗುತ್ತಿತ್ತೇ? ಜನರಿಗೆ ವಿಜ್ಞಾನ ಅರ್ಥವಾಗುವುದಿಲ್ಲ ಎಂದು ವರದಿ ಬರೆದು ಸುಮ್ನೆ ಆಗಿಬಿಡುತ್ತಿದ್ದರು.

ಎಷ್ಟು ಜನ ಎಂದು ತಿಳಿಯಲು ಸರ್ವೆ ಬೇಕು, ನಾನೂ ಮಾಡಿಸಿದ್ದೇನೆ. ಆದರೆ ಯಾರ ಮಾತು ತಿಳಿವಳಿಕೆ ಎನಿಸಿಕೊಳ್ಳುತ್ತದೆ, ಯಾರದನ್ನು ಪಕ್ಕಕ್ಕೆ ತಳ್ಳುತ್ತಾರೆ ಎಂಬುದು ಕೂತು ಕೇಳಿದರೇ ತಿಳಿಯುವುದು. ಅದರಲ್ಲಿ ಕೆಲಸ ಜಾಸ್ತಿಯೇ. ದಿನವೂ ಟಿಪ್ಪಣಿ ಬರೆಯಬೇಕು. ಒಬ್ಬರು ಹೇಳಿದ್ದನ್ನು ಇನ್ನೊಬ್ಬರ ಬಳಿ ಕೇಳಬೇಕು. ಒಪ್ಪದವರನ್ನು ಹುಡುಕಿಕೊಂಡು ಹೋಗಬೇಕು.

ನಮ್ಮ ವಿಶ್ವವಿದ್ಯಾಲಯಗಳ ಸಂಶೋಧನಾ ಸಮಿತಿಗಳಲ್ಲಿ ಇಂಥ ಕ್ಷೇತ್ರಕಾರ್ಯ ಮಾಡಿದವರು ಒಬ್ಬರಾದರೂ ಇರಲಿ. ಕುರಿಗಾಹಿಗಳ ಮಾತನ್ನು ಅವರಾಡಿದ ಕನ್ನಡದಲ್ಲೇ ಪ್ರಬಂಧಕ್ಕೆ ಸೇರಿಸಲು ಬಿಡಲಿ.

– ಸಮಾಜಶಾಸ್ತ್ರ ಅಧ್ಯಾಪಕಿ, ಚಿತ್ರದುರ್ಗ